ಉಜ್ಜೋದು ಬಿಟ್ಟ ಕಡೆ

ಮಗಳ ಹುಳುಕು ಹಲ್ಲು ತೋರಿಸಲು ವಿಜಯನಗರದ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕತಂಗಿಯರು ಕೂತಿದ್ದರು; ಅಕ್ಕನ ಗಂಡ ಒಳಗೆ ಡಾಕ್ಟರ ಮುಂದಿದ್ದ.

“ಭಾವಂಗೆ ವಸಡಲ್ಲಿ ಯಾವಾಗಿಂದ ರಕ್ತ, ಅಕ್ಕಾ?”

“ಎರಡು ವರ್ಷ ಆಯ್ತು ಕಣೇ. ಬ್ರಷ್ ಚುಚ್ಚುತ್ತೆ ಅಂತ ಆ ಕಡೆ ಉಜ್ಜೋದೇ ಬಿಟ್ರು.”

“ರಕ್ತ ಬಂದ್ರೂ ಮೆತ್ತಗೆ ಉಜ್ಜಬೇಕು ಅಂತ ಇದೇ ಡಾಕ್ಟರ್ ನಿಂಗೆ ಹೇಳಿದ್ರಲ್ಲ? ಕ್ಲೀನ್ ಮಾಡಿಸ್ಕೊಂಡು ನಿಂದು ವಾಸಿನೂ ಆಯ್ತು.”

“ಆಯ್ತು.”

“ಭಾವಂಗೆ ಹೇಳ್ಬಾರ್ದಿತ್ತಾ?”

“ನಂಗೆ ವಸಡಲ್ಲಿ ಕೀವಾಗಿದ್ದಾಗ, ನಿಮ್ಮ ಭಾವ ನೆಂಟರ ಮುಂದೆ ಮೋರಿ ವಾಸನೆ ಅಂತ ನಗಾಡಿ, ತಟ್ಟೆ ಎತ್ಕೊಂಡು ದೂರ ಕೂತ್ರಲ್ಲ? ಅವ್ರ ಬ್ರಷ್ಷಲ್ಲಿ ರಕ್ತ ಕಂಡಾಗ ಸುಮ್ಮನಿದ್ದೆ.”

ನರ್ಸ್ ಬಾಗಿಲಿಗೆ ಬಂದಳು. “ಭೈರೇಶ್ ಕಡೆಯವ್ರು ಬನ್ನಿ. ಮೂರು ಹಲ್ಲು ಉಳಿಯಲ್ಲ, ಕೀಳೋಕೆ ಸೈನ್ ಬೇಕು. ಪೆನ್ ಕೊಡ್ಲಾ?”

“ಮನೆಯಿಂದಾನೇ ತಂದಿದೀನಮ್ಮ,” ಎಂದು ಅಕ್ಕ ಎದ್ದು ಒಳಗೆ ಹೋದಳು.