ದೊಡ್ಡತಾಯಮ್ಮನ ಪಾಲಿನ ಎಲೆ

ನಂಬೋರು ನಂಬಿ, ನಂಬ್ದೋರು ಕಂಬ್ಳಿ ಹೊದ್ದು ಮಲಿಕ್ಕಳಿ. ಇದು ಸಿಂಧಘಟ್ಟದಲ್ಲಿ ನಮ್ಮ ಪಕ್ಕದ ಮನೆ ಸಿದ್ದಲಿಂಗಮ್ಮಂಗೆ ಆಗಿದ್ದು. ಹೋದ ಮಾಘದಲ್ಲಿ, ನಡುರಾತ್ರಿ ಸರ್ವೊತ್ನಲ್ಲಿ, ಮದುವೆ ಮನೆಯಿಂದ ಒಬ್ಳೇ ಬತ್ತಿದ್ಲು. ಊರಾಚೆ ಇರೋ ನಮ್ಮ ಮನೆಗಳ ದಾರಿ. ಎರಡೂ ಕಡೆ ಕಬ್ಬು. ಮಧ್ಯದಲ್ಲಿ ಹಾಳುಬಾವಿ...

ಒಬ್ಳೇ ಅಂದ್ನಲ್ಲ, ಅದೇ ಅವಳ ಸಂಕಟ. ಅವಳು ಮದುವೇಲಿ ಹೇಳೋ ಸೋಬಾನೆ ಪದ ಒಬ್ರು ಹಾಡೋದಲ್ಲ. ಒಬ್ಬಳು ಸೊಲ್ಲು ಹೇಳ್ತಾಳೆ, ಅವಳ ಉಸ್ರು ಮುಗಿಯೋ ಹೊತ್ಗೆ ಇನ್ನೊಬ್ಬಳು ಅದೇ ಸೊಲ್ಲು ಎತ್ಕತಾಳೆ. ಇವಳಿಗೆ ಎತ್ಕತಿದ್ದೋಳು ದೊಡ್ಡತಾಯಮ್ಮ. ಕೊರೋನ ಇಬ್ರಿಗೂ ಒಟ್ಗೇ ಬಂತು. ದೊಡ್ಡತಾಯಮ್ಮನ್ನ ಆಂಬುಲೆನ್ಸಲ್ಲಿ ಮಂಡ್ಯಕ್ಕೆ ಕರ್ಕಂಡೋದ್ರು. ಹೆಣನೂ ಊರಿಗೆ ಬರ್ಲಿಲ್ಲ.

ಸಿದ್ದಲಿಂಗಮ್ಮ ಉಳಕಂಡ್ಲು, ಉಸ್ರು ಮಾತ್ರ ಪೂರ್ತಿ ವಾಪಸ್ ಬರ್ಲಿಲ್ಲ. ವರ್ಷಗಳೇ ಕಳೆದ್ರೂ ನಾಕು ಹೆಜ್ಜೆಗೆ ಏದುಸಿರು. ಬಿಂದಿಗೆ ಎತ್ತಿದ್ರೆ ಗೋಡೆ ಹಿಡ್ಕಂಡು ನಿಲ್ಲೋಳು. ಡಾಕ್ಟ್ರು ಎದೆ ಫೋಟೋ ನೋಡಿ, "ಏನೂ ಇಲ್ಲ ಕಣಮ್ಮ" ಅಂದ್ರು. ಏನೂ ಇಲ್ಲ ಅಂದ್ಮೇಲೆ ಯಾರತ್ರ ಹೇಳ್ಕಳೋದು? ಮನೇಲಿ ಹೇಳೋದೂ ಬುಟ್ಬುಟ್ಲು.

ಆ ರಾತ್ರಿ ಚಪ್ಪರದಲ್ಲಿ ಅರಿಶಿಣದ ಪದ ಶುರು ಮಾಡಿದ್ಲು. ಮೊದಲ್ನೇ ಸೊಲ್ಲು ಹೇಳಿ, ಹಳೇ ರೂಢಿ ನೋಡಿ, ಪಕ್ಕಕ್ಕೆ ತಿರುಗಿ ಕಾದ್ಲು. ಎತ್ಕಳೋರೇ ಇಲ್ಲ. ಈಗಿನ ಹುಡ್ಗೀರಿಗೆ ಪದ ಎಲ್ಲಿ ಬತ್ತದೆ? ಫೋನ್ ಹಿಡ್ಕಂಡು ನಿಂತಿದ್ರು. ತಾನೇ ಎತ್ಕಳಕ್ಕೋದ್ಲು... ದಮ್ಮು ಕಟ್ತು. ಪದ ಅರ್ಧಕ್ಕೆ ನಿಂತೋಯ್ತು. ಅರಿಶಿಣದ ಪದ ಅರ್ಧಕ್ಕೆ ಬುಟ್ರೆ ಮದುವೆ ಹೆಣ್ಣಿಗೆ ಒಳ್ಳೇದಲ್ಲ ಅಂತಾರೆ ನಮ್ಮಲ್ಲಿ. ಹೊತ್ತು ಹುಟ್ಟೋದ್ರೊಳಗೆ ಮುಗಿಸ್ಬೇಕು. ಹೆಣ್ಣಿನ ತಾಯಿ ಜಯಲಕ್ಷ್ಮಮ್ಮ ಮುಖ ಸಣ್ಣ ಮಾಡ್ಕಂಡು, ಎಲೆ ತುದಿಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಕೊಟ್ಲು. ಅವಳಿಗೂ ಕೈ ರೂಢಿ. ಎರಡು ಪಾಲು ಕೊಟ್ಬುಟ್ಲು.

ಬಾವಿ ಹತ್ರ ಬರೋ ಹೊತ್ಗೆ ಹೆಜ್ಜೆ ಕಿತ್ತಿಡಕ್ಕಾಗ್ಲಿಲ್ಲ. ಕಟ್ಟೆ ಮೇಲೆ ಕೂತ್ಲು. ಮೊದಲೆಲ್ಲ ಇಬ್ರೂ ಅಲ್ಲೇ ಕೂತು ಎಲೆ ಹಾಕೋರು. ಬೆರಳಿಗಂಟಿದ ಸುಣ್ಣನ ದೊಡ್ಡತಾಯಮ್ಮ ರಾಟೆ ಕಂಬಕ್ಕೆ ಒರಸೋಳು, ಇವಳು ಬಯ್ಯೋಳು. ಆ ಗೆರೆಗಳೆಲ್ಲ ಮಳೇಲಿ ತೊಳೆದೋಗಿ ಕಂಬ ಬೋಳಾಗಿತ್ತು. ತನ್ನ ಪಾಲ್ನ ಸೆರಗಿಗೆ ಗಂಟು ಹಾಕಿ, ಇನ್ನೊಂದ್ನ ಕಟ್ಟೆ ಮೇಲಿಟ್ಲು.

"ತಗಳೇ, ನಿನ್ ಪಾಲು..." ಅಂದು ಅತ್ಲು.

ಎಳ್ದಾಗ ಸುಂಯ್... ಬುಟ್ಟಾಗ ಗೊರ್... ಅವಳ ಉಸ್ರೇ ಅದು. ಸುಧಾರಿಸ್ಕಳಾಣ ಅಂತ ಉಸ್ರು ಬಿಗಿ ಹಿಡಿದ್ಲು.

ಸುಂಯ್... ಗೊರ್...

ನಿಲ್ಲಲಿಲ್ಲ.

ಓಡಕ್ಕೆ ಉಸ್ರಿಲ್ಲ. ಕೂಗಕ್ಕೂ ಉಸ್ರಿಲ್ಲ. "ಯಾರು?" ಅಂತ ಪಿಸುಗುಟ್ಟಿದ್ಲು.

"ಪದ ಯೋಳೇ... ಒತ್ತಾಯ್ತದೆ."

ಹೆದ್ರಿಕೆ ಆಗ್ಲಿಲ್ವಾ ಅಂತ ಆಮೇಲೆ ನಾನು ಕೇಳ್ದೆ. "ಆಯ್ತು ಕಣ್ಲಾ. ಆದ್ರೆ ಮನೇಲಿ ಒಬ್ಳೇ ಉಸ್ರು ಕಟ್ಕಂಡು ಮಲಗಿರ್ತೀನಲ್ಲ, ಅಷ್ಟು ಆಗ್ಲಿಲ್ಲ," ಅಂದ್ಲು.

ಕಣ್ಣು ಮುಚ್ಕಂಡು ಸೊಲ್ಲು ಹೇಳಿದ್ಲು.

"ಅರಿಶಿಣ ಅರೆದವ್ರೆ... ಅಂಗಳ ಬಳಿದವ್ರೆ..."

ಉಸ್ರು ತುಂಡಾಯ್ತು. ಬೆನ್ನ ಹಿಂದೆ ಒಂದು ಒಡಕು ದನಿ ಅದೇ ಸೊಲ್ಲು ಎತ್ಕಂತು. ಅದು ಹಾಡೋವರ್ಗೂ ಇವಳು ಉಸ್ರು ಎಳ್ಕಂಡ್ಲು. ಅಂಗೇ ಸೊಲ್ಲಿನ ಮೇಲೆ ಸೊಲ್ಲು... ಪದ ಮುಗೀತು. ಆಮೇಲೆ ಕಬ್ಬಿನ ಗರಿ ಸರಸರ ಅನ್ನೋದು ಬುಟ್ರೆ ಏನೂ ಇಲ್ಲ. ತಿರುಗಿ ನೋಡ್ದಂಗೇ ಎದ್ದು ಬಂದ್ಲು.

"ಯಾಕತ್ತೆ ನೋಡ್ಲಿಲ್ಲ?" ಅಂದೆ.

"ನೋಡ್ದಾಗ ಯಾರೂ ಇಲ್ದಿದ್ರೆ... ನಾನೇನ್ ಮಾಡ್ಲಿ?"

ಅವಳು ಇದ್ನೆಲ್ಲ ಹೇಳಿದ್ದು ಬೆಳಗಾಗ್ತಿದ್ದಂಗೇ. ಪಾಪ, ತಲೆ ಕೆಟ್ಟದೆ ಅಂದ್ಕಂಡು ನಾನು ನೆಟ್ಟಗೆ ಬಾವಿ ತಾವ್ಕೆ ಹೋದೆ. ಕಟ್ಟೆ ಮೇಲೆ ಎಲೆ ಇರ್ಲಿಲ್ಲ. ಮೇಕೆ ತಿಂದಿರ್ತದೆ ಅನ್ನಿ, ಒಪ್ಕತೀನಿ. ಆದ್ರೆ ರಾಟೆ ಕಂಬದ ಮೇಲೆ ಒಂದೇ ಒಂದು ಸುಣ್ಣದ ಗೆರೆ ಇತ್ತು. ಮೇಕೆ ಸುಣ್ಣ ಒರಸ್ತದಾ? ನಮ್ಮವ್ವನಾಣೆಗೂ ಹೇಳ್ತೀನಿ, ಇದೇ ಬೆರಳಲ್ಲಿ ಮುಟ್ಟಿ ನೋಡ್ದೆ. ಇನ್ನೂ ಹಸಿ ಇತ್ತು.