ಮೂರನೇ ಡಬ್ಬಿ

ಅಲ್ಲ, ನಗಬೇಡ, ನಾನು ನಿಜವಾಗಿ ಕೇಳ್ತಿರೋದು. ಎದೇಲಿರೋ ಕ್ಯಾನ್ಸರ್ ಗಡ್ಡೆಗೂ ಹೊಟ್ಟೇಲಿರೋ ಹುಳಕ್ಕೂ ಏನೇ ಸಂಬಂಧ? ಗೊತ್ತು, ಗೊತ್ತು, ಹುಳ ಅಲ್ಲ, ಬ್ಯಾಕ್ಟೀರಿಯಾ! ನೀನು ಪಿಎಚ್‌ಡಿ ಮಾಡ್ತಿರೋದೇ ಅದರ ಮೇಲೆ. ಒಳ್ಳೇವು ಜಾಸ್ತಿ ಇದ್ದವರಿಗೆ ಈ ಹೊಸ ಔಷಧಿ ಚೆನ್ನಾಗಿ ನಾಟುತ್ತೇನೋ ಅಂತ ನೋಡ್ತಿದೀರಿ. ಅದಕ್ಕೇ ಪ್ರತಿ ಡ್ರಿಪ್ಪಿಗೆ ಮುಂಚೆ ಒಂದು ಡಬ್ಬೀಲಿ ನನ್ನ ಮಲ... ಥೂ, ಎಪ್ಪತ್ತೊಂದು ತುಂಬಿದ್ರೂ ಬಾಯಿಬಿಟ್ಟು ಹೇಳಕ್ಕೆ ನಾಚಿಕೆ ನೋಡು!

ತಿನ್ನು ಹರ್ಷಿಣಿ. ನುಚ್ಚಿನುಂಡೆ, ಬಿಸಿ ಇದೆ. ತುಮಕೂರಿನ ಹುಡುಗಿಗೆ ಈ ದಿಲ್ಲಿಯ ದ್ವಾರಕಾದಲ್ಲಿ ಇನ್ಯಾರು ಮಾಡಿಕೊಡ್ತಾರೆ? ... ಯಾಕೆ, ತಟ್ಟೆ ಮುಟ್ತಾನೇ ಇಲ್ಲ?

ಅಚ್ಛಾ, ಸೋಮವಾರ ಎಷ್ಟು ಹೊತ್ತಿಗೆ ಬರಲಿ? ಮೂರನೇ ಡ್ರಿಪ್ಪು ಅಲ್ವಾ? ... ಏನೇ, ಹಂಗೆ ತಲೆ ತಗ್ಗಿಸ್ತೀಯಾ! ಇಷ್ಟು ಬಿಸಿಲಲ್ಲಿ ಮೆಟ್ರೋ ಹಿಡಿದು ಬಂದಿದೀಯ. ಫೋನಲ್ಲಿ ಹೇಳಕ್ಕಾಗದೇ ಇರೋದು ಏನಿದೆ?

ಡಬ್ಬಿ ವಿಷಯಾನಾ?

ಯಾಕೆ, ಚೆನ್ನಾಗಿಲ್ವಾ? ಚೆನ್ನಾಗೇ ಇರಬೇಕು! ಮೊದಲಿನ ಎರಡಕ್ಕಿಂತ ಇದೇ ಚೆನ್ನಾಗಿರಬೇಕು. ಫಾರಂ ಕೂಡ ಸರಿಯಾಗೇ ತುಂಬಿದೀನಿ. ಆಂಟಿಬಯಾಟಿಕ್ ತಗೊಂಡ್ರಾ? ಇಲ್ಲ. ಜ್ವರ ಬಂತಾ? ಇಲ್ಲ. ಡ್ರಿಪ್ಪಿಗೆ ನನ್ನ ಪಕ್ಕ ಕೂರ್ತಿದ್ದ ಆ ಫರೀದಾಬಾದಿನ ಹೆಂಗಸು ಹೇಳಿದ್ಲಲ್ಲ, ಯಾವುದೋ ಮಾತ್ರೆ ನುಂಗಿದ್ದಕ್ಕೆ ನಿಮ್ಮ ಟ್ರಯಲ್‌ನಿಂದ ಅವಳ ಹೆಸರೇ ತೆಗೆದ್ರಂತೆ. ಹೆಸರು ಹೋದ್ರೆ ಔಷಧಿನೂ ಹೋಯ್ತು. ಕೀಮೋ ನನಗೆ ನಾಟಲಿಲ್ಲ, ನಿನಗೇ ಗೊತ್ತು. ಉಳಿದಿರೋದು ಇದೊಂದೇ. ಅಂಥಾದ್ರಲ್ಲಿ ನಾನು ಯಾಕಮ್ಮಾ ತಪ್ಪು ಮಾಡ್ಲಿ?

ಬೈಯೋದಿದ್ರೆ ಬೈಯಿ.

ಅವರನ್ನ ಯಾಕೆ ನೋಡ್ತೀಯ? ಯಜಮಾನರು ಅವರ ಪಾಡಿಗೆ ಬಾಲ್ಕನೀಲಿ ಪೇಪರ್ ಓದ್ತಾ ಕೂತಿದಾರೆ. ಕಿವಿ ಬೇರೆ ಕೇಳಿಸಲ್ಲ. ಅವರಿಗೂ ಇದಕ್ಕೂ ಏನು... ನೋಡಬೇಡ ಅಂದೆ!

ಅಂದ್ರೆ... ಕೊಟ್ಟೋರು ಗಂಡೋ ಹೆಣ್ಣೋ ಅನ್ನೋದೂ ಅದರಲ್ಲಿ ಕಾಣುತ್ತಾ?

ಅಯ್ಯೋ ದೇವರೇ.

ಹೂಂ ಕಣೇ. ಉರಿಮೂತ್ರ ಆಗಿತ್ತು. ಕೂತ್ರೂ ಬೆಂಕಿ, ನಿಂತ್ರೂ ಬೆಂಕಿ. ಆ ಮೊಮ್ಮಗನ ವಯಸ್ಸಿನ ಡಾಕ್ಟರ ಹತ್ರ ಹೆಂಗೆ ಹೇಳ್ಲಿ? ಕೆಳಗಿನ ಕೆಮಿಸ್ಟ್ ಭಯ್ಯಾ ಐದು ದಿನದ ಮಾತ್ರೆ ಕೊಟ್ಟ. ಅಷ್ಟೂ ನುಂಗಿದ ಮೇಲೆ ಕನ್ನಡಕ ಹಾಕ್ಕೊಂಡು ಓದಿದ್ರೆ... ಅದೇ! ಆಂಟಿಬಯಾಟಿಕ್ಕು, ಹೊಟ್ಟೇಲಿರೋ ಒಳ್ಳೇವನ್ನೂ ಸಾಯಿಸೋದು! ಮಾರನೇ ದಿನಾನೇ ಡಬ್ಬಿ ಕೊಡಬೇಕು. ನಲವತ್ತಾರು ವರ್ಷ ಒಂದೇ ಪಾತ್ರೆ ಅನ್ನ, ಒಂದೇ ಹೆಪ್ಪಿನ ಮೊಸರು ತಿಂದಿದೀವಿ. ಇಬ್ಬರ ಹೊಟ್ಟೇಲೂ ಅವೇ ಇರ್ತವೆ ಅಂದ್ಕೊಂಡೆ ಕಣೇ... ಡಾಕ್ಟರು ನಿಮ್ಮದೂ ಕೇಳಿದಾರೆ ಅಂತ ಇವರಿಗೆ ಅಂದೆ. ಪಾಪ, ಒಂದು ಮಾತು ಕೇಳದೆ ಕೊಟ್ರು.

ಬರಕೋ. ಇದ್ದದ್ದು ಇದ್ದಂಗೆ ಬರಕೋ... ಇಲ್ಲ, ತಡಿ, ತಡಿ! ರತ್ನಪ್ರಭಾ ಅನ್ನೋ ಹೆಸರು ಮಾತ್ರ ಹೊಡೆದುಹಾಕಬೇಡ್ವೇ, ನಿನ್ನ ಕೈ ಹಿಡೀತೀನಿ. ಹೊಸ ಡಬ್ಬಿ ಒಂದು ಕೊಡು, ಈಗಲೇ ನಂದೇ ಕೊಡ್ತೀನಿ. ಒಳಗೆ ಒಳ್ಳೇದು ಇನ್ನೂ ಏನಾದ್ರೂ ಉಳಿದಿದೆಯಾ ನೋಡಿ ಹೇಳು.