ಫ್ರಿಜ್ಜಿಗೆ ಅಂಟಿಸಿದ ಪಟ್ಟಿ

ರಂಜಾನಿನ ಹನ್ನೊಂದನೆಯ ದಿನ ಮಧ್ಯಾಹ್ನ, ಢಾಕಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಗುರುತಿಲ್ಲದ ಅಕ್ಕ ತಂಗಿ. ತಂಗಿ ಹಿಂದಿನ ದಿನ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದವಳೆಂದು ಅವರ ಮಾತಿನಿಂದಲೇ ಗೊತ್ತಾಯಿತು.

“ಬೆಳಗಿನ ಜಾವ ಸೆಹ್ರಿ ಊಟಕ್ಕೆ ಏನು ತಿಂದೆ ಅಂತ ಡಾಕ್ಟ್ರು ಕೇಳ್ತಾರೆ, ರೌಶನ್. ಏನಂತೀಯಾ?”

“ಕೆಂಪಕ್ಕಿ ಅನ್ನ, ಮೊಟ್ಟೆ, ಬೇಳೆ, ಸೌತೆಕಾಯಿ.”

“ತಿಂದ್ಯಾ?”

“ಮಾಡಿದ್ದೆ.”

“ನಾನು ಕೇಳಿದ್ದು ತಿಂದ್ಯಾ ಅಂತ.”

“ಎಲ್ರಿಗೂ ಬಡಿಸಿ ತಟ್ಟೆ ತಗೊಂಡೆ ಆಪಾ. ಮಸೀದಿ ಮೈಕಲ್ಲಿ ‘ಉಪವಾಸ ಶುರುವಾಗೋಕೆ ಇನ್ನು ಐದೇ ನಿಮಿಷ’ ಅಂದ್ರು. ಅಷ್ಟರಲ್ಲಿ ಇವರು ಬಿಸಿ ಹಾಲು ಕೇಳಿದ್ರು. ನಾನು ನೀರು ಕುಡಿದೆ.”

“ಹನ್ನೊಂದು ದಿನಾನೂ?”

“ಒಂದಿನ ಬಾಳೆಹಣ್ಣು ತಿಂದೆ.”

“ಗಂಡನಿಗೆ ಬಾಯಿಬಿಟ್ಟು ಹೇಳ್ಬಾರ್ದಾ?”

“ಹೇಳ್ದೆ. ಐದು ನಿಮಿಷ ಮುಂಚೆ ಏಳು ಅಂದ್ರು.”



“ಹೋದ ತಿಂಗಳು, ಶಬಾನಿನಲ್ಲಿ, ಡಾಕ್ಟ್ರು ನಿಂಗೆ ಪಥ್ಯದ ಪಟ್ಟಿ ಬರ್ಕೊಟ್ಟಿದ್ರಲ್ಲ?”

“ಫ್ರಿಜ್ಜಿಗೆ ಅಂಟಿಸಿದೀನಿ. ಅದನ್ನ ನೋಡ್ಕೊಂಡೇ ಇವರಿಗೆ ಮಾಡಿ ಹಾಕೋದು. ನಾಲ್ಕು ಕಿಲೋ ಇಳಿದಿದಾರೆ, ಮುಖಕ್ಕೆ ಕಳೆ ಬಂದಿದೆ.”

“ಥೂ ನಿನ್ನ! ಇವತ್ತಾದ್ರೂ ಡಾಕ್ಟ್ರಿಗೆ ನಿಜ ಹೇಳು.”

“ಹೇಳಿದ್ರೆ ಉಪವಾಸ ಬಿಡು ಅಂತಾರೆ. ಬಿಟ್ರೆ ಅತ್ತೆ, ‘ತಿನ್ನೋಕೆ ಬೇನೆ ಬರಿಸ್ಕೊಂಡ್ಳು’ ಅಂತಾರೆ.”

ತಂಗಿಯ ಫೋನು ಬಡಿದುಕೊಂಡಿತು. ಹೂಂ, ಹೂಂ ಎಂದು ಕೇಳಿ ಇಟ್ಟಳು.

“ಅವನೇನಾ? ತಲೆಸುತ್ತು ಹೇಗಿದೆ ಅಂದ್ನಾ?”

“ಇಲ್ಲ. ಡಾಕ್ಟ್ರು ಹೊಸ ಪಟ್ಟಿ ಕೊಟ್ರೆ ಇನ್ನೊಂದು ಪ್ರತಿ ಇಸ್ಕೊಂಡು ಬಾ ಅಂದ್ರು. ಅವರಣ್ಣನಿಗೂ ಬೇಕಂತೆ.”

ಅವಳ ನಂಬರು ಕೂಗಿದರು. ಅಕ್ಕನ ಭುಜ ಹಿಡಿದು ಎದ್ದು ಒಳಗೆ ಹೋದಳು.